ದೀಪದವಳ ಹೆಗಲ ಮೇಲಿನ ಎರಡು ಚುಕ್ಕಿ

ಶಿಜುವೊಕಾ
೧೧ ಸೆಪ್ಟೆಂಬರ್ ೨೦೦೫

ಮಾನ್ಯ ಉರಾಬೆ ಹಿಸಾನೊ ಅವರಿಗೆ,

ಗುರುಗಳೇ, ಗುರುತು ಪರಿಚಯ ಇಲ್ಲದವನು ಏಕಾಏಕಿ ಕಾಗದ ಬರೀತಿದ್ದೀನಿ, ಕ್ಷಮಿಸಿ. ನನ್ನ ಹೆಸರು ಸೆಗಾವಾ ಮೊರಿಯೊ. ವಯಸ್ಸು ಮೂವತ್ತೇಳು. ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸೋದು ನನ್ನ ಉದ್ಯೋಗ. ಉಳಿದ ಹೊತ್ತಲ್ಲಿ ಅದೇ ಮೇಣ, ಅದೇ ಸಲಾಕೆ ಹಿಡಿದು ವಿಡಿಯೋ ಗೇಮಿನ ಪಾತ್ರಗಳ ಗೊಂಬೆ ಮಾಡ್ತೀನಿ. ಎರಡೂ ಒಂದೇ ಕೆಲಸ, ಒಂದು ಕಚ್ಚುತ್ತೆ ಒಂದು ಕಚ್ಚಲ್ಲ, ಅಷ್ಟೇ ವ್ಯತ್ಯಾಸ ಅಂತಾರೆ ನಮ್ಮ ಲ್ಯಾಬಿನ ಮಾಲೀಕರು.

ನಿಮ್ಮ ವಿಳಾಸ ಕೊಟ್ಟಿದ್ದು ‘ಏಳು ಗುಹೆ’ ಗೇಮಿಗೆ ಸಂಗೀತ ಮಾಡಿದ ಕಿಯೋಸೆ ಅವರು. ಅವರ ಮೇಲೆ ಸಿಟ್ಟಾಗಬೇಡಿ, ನಾಲ್ಕು ಸಲ ಫೋನ್ ಮಾಡಿ ಪ್ರಾಣ ತಿಂದಿದ್ದೀನಿ. ಆ ಗೇಮಿನಲ್ಲಿ ದೀಪ ಕೊಡುವವಳ ಚಿತ್ರ ನಿಮ್ಮ ಕೈಯದು ಅಂತ ಅವರು ಹೇಳಿದಾಗ ಫೋನು ಕೈಜಾರಿತು. ಕೊನೆಯಲ್ಲಿ ಬರೋ ಹೆಸರಿನ ಪಟ್ಟಿಯಲ್ಲಿ ಬರೀ ‘ಉಪ್ಪುನೀರು’ ಅಂತಿದೆ. ಬೇರೆ ಕಂಪನಿಯವರು ಹಾರಿಸಿಕೊಂಡು ಹೋದಾರು ಅಂತ ಆಗ ಯಾರ ನಿಜವಾದ ಹೆಸರೂ ಹಾಕ್ತಿರಲಿಲ್ಲವಲ್ಲ. ಹತ್ತೊಂಬತ್ತು ವರ್ಷದಿಂದ ನಾನು ಉಪ್ಪುನೀರು ಅಂದ್ರೆ ಯಾವನೋ ಗಡ್ಡದ ಗಂಡಸು ಅಂದ್ಕೊಂಡಿದ್ದೆ.

ಅವಳನ್ನ ನಿಮಗೇ ವರ್ಣಿಸೋದು ಅಧಿಕಪ್ರಸಂಗ. ಆದ್ರೂ ನಾವು ಅಭಿಮಾನಿಗಳು ಹೇಗೆ ನೋಡಿದ್ದೀವಿ ಅಂತ ಗೊತ್ತಾಗಲಿ. ಟೀವಿ ತೆರೆಯ ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ. ಗುಹೆಯ ಗೋಡೆ ಪಕ್ಕ ಕುಕ್ಕರುಗಾಲಲ್ಲಿ ಕೂತಿರ್ತಾಳೆ, ಮುಖ ನಮ್ಮ ಕಡೆ. ನಮ್ಮ ದೀಪ ಆರಿಹೋಗಿದ್ರೆ ಏನೂ ಕೇಳದೆ ಇನ್ನೊಂದು ಕೊಡ್ತಾಳೆ. ಎಡ ಹೆಗಲ ಮೇಲೆ ಮೈಬಣ್ಣದ ಎರಡು ಚುಕ್ಕಿ. ಅದೇನು ಅಂತ ಇವತ್ತಿಗೂ ಜಗಳ ನಡೀತಿದೆ. ಸುಟ್ಟ ಗಾಯ ಅಂತ ಒಂದು ಗುಂಪು, ಹರಿದ ತೋಳು ಅಂತ ಇನ್ನೊಂದು ಗುಂಪು, ಟೀವಿ ಕೆಟ್ಟಿದೆ ಅಂತ ನಮ್ಮಪ್ಪ.

ಈಗ ನಾನು ಅವಳ ಗೊಂಬೆ ಮಾಡ್ತಿದ್ದೀನಿ. ಫೆಬ್ರವರಿ ಹತ್ತೊಂಬತ್ತಕ್ಕೆ ಟೋಕಿಯೋದಲ್ಲಿ ಗೊಂಬೆ ಮಾಡೋರ ಮೇಳ. ಅಲ್ಲಿಯ ಪದ್ಧತಿ ಹೀಗೆ: ಪಾತ್ರದ ಹಕ್ಕಿರೋ ಕಂಪನಿ ನಮ್ಮಂಥ ಹವ್ಯಾಸಿಗಳಿಗೆ ಒಂದೇ ಒಂದು ದಿನದ ಅನುಮತಿ ಕೊಡುತ್ತೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಐದು ದಾಟಿ ಒಂದು ನಿಮಿಷ ಆದ್ರೆ ಅದೇ ಗೊಂಬೆ ಕಳ್ಳಮಾಲು. ಮೊದಲೇ ಮಾದರಿ ಕಳಿಸಿ ಒಪ್ಪಿಗೆ ಪಡೀಬೇಕು, ಒಪ್ಪಿದ ಮೇಲೆ ಕೂದಲಷ್ಟೂ ಬದಲಾಯಿಸೋ ಹಾಗಿಲ್ಲ. ಐದು ವರ್ಷ ಅರ್ಜಿ ಹಾಕಿ ಹಾಕಿ, ಈ ಸಲ ನಿಮ್ಮ ಹಳೇ ಮಿನಾತೊಯಾ ಕಂಪನಿ ‘ಮಾದರಿ ಕಳಿಸಿ, ನೋಡೋಣ’ ಅಂದಿದೆ.

ತೊಂದರೆ ಏನಂದ್ರೆ ಅವಳ ಬೆನ್ನನ್ನ ಯಾರೂ ನೋಡಿಲ್ಲ. ಗೇಮಿನಲ್ಲಿ ಅವಳು ತಿರುಗೋದೇ ಇಲ್ಲ. ಗೊಂಬೆಗೆ ಬೆನ್ನು ಬೇಕಲ್ಲ. ಹಳೇ ಕಾಗದ ಯಾವುದೂ ಉಳಿದಿಲ್ಲ, ನೀವೇ ಊಹಿಸಿಕೊಳ್ಳಿ ಅಂತಾರೆ ಕಂಪನಿಯವರು. ನನಗೆ ಊಹೆ ಬೇಡ. ಅವಳ ಬೆನ್ನಲ್ಲಿ ಏನಿದೆ? ಆ ಎರಡು ಚುಕ್ಕಿ ಏನು? ಅಕ್ಟೋಬರ್ ಇಪ್ಪತ್ತರೊಳಗೆ ಮಾದರಿ ಹೋಗಬೇಕು. ಈಗಿನ ರೂಪದ ಫೋಟೋ ಇಟ್ಟಿದ್ದೀನಿ. ಊಟ ಮಾಡ್ತಾ ಮಾಡ್ತಾ ಎದ್ದು ಹೋಗಿ ಆ ಬೆನ್ನು ಕೆರೆದು ಮತ್ತೆ ಮೆತ್ತೋದೇ ಆಗಿದೆ ನನ್ನ ಬಾಳು.

ನಿಮ್ಮ
ಸೆಗಾವಾ


ಹಮಸಾಕಾ
೨೯ ಸೆಪ್ಟೆಂಬರ್

ಸೆಗಾವಾ ಅವರೇ,

ಗುರುಗಳೇ ಗಿರುಗಳೇ ಅಂತ ಬರೀಬೇಡಿ. ನಾನು ಇಲ್ಲಿ ಮೀನುಗಾರರ ಸಂಘದಲ್ಲಿ ಏಡಿ ವಿಂಗಡಿಸೋಳು. ಹಿಡಿದ ದೋಣಿಯ ಹೆಸರು ಬರೆದ ಚೀಟಿಯನ್ನ ಒಂದೊಂದು ಏಡಿಯ ಕಾಲಿಗೂ ಕಟ್ಟಿ ಕಳಿಸ್ತೀನಿ. ಏಡಿಗಿರೋ ಮರ್ಯಾದೆ ನಿಮ್ಮ ಉಪ್ಪುನೀರಿಗೆ ಇರಲಿಲ್ಲ, ಬಿಡಿ.

ಬೆನ್ನಲ್ಲಿ ಏನೂ ಇಲ್ಲ. ಬೆನ್ನನ್ನೇ ನಾನು ಬರೆದಿರಲಿಲ್ಲ. ನುಣ್ಣಗೆ ಮಾಡಿ ಕಳಿಸಿ. ಎರಡು ಚುಕ್ಕಿ ಕೈತಪ್ಪಿ ಬಿದ್ದದ್ದು.

ಒಂದು ಮಾತು. ಫೋಟೋದಲ್ಲಿ ಅವಳನ್ನ ಗೋಡೆಗೆ ಒರಗಿಸಿದ್ದೀರಿ. ಒರಗಿಸಬೇಡಿ. ಅವಳು ಒರಗಲ್ಲ.

ಇಷ್ಟೇ. ಮತ್ತೆ ಬರೆಯೋ ಅಗತ್ಯ ಇಲ್ಲ.

ಉರಾಬೆ


ಶಿಜುವೊಕಾ
೪ ಅಕ್ಟೋಬರ್

ಉರಾಬೆಯವರೇ,

ಬರೀಬೇಡಿ ಅಂದಿದ್ದೀರಿ, ಬರೀತಿದ್ದೀನಿ. ‘ಅವಳು ಒರಗಲ್ಲ’ ಅಂದಿರಲ್ಲ, ಆ ಎರಡು ಪದ ಓದಿ ನನ್ನ ತಲೆ ಕೆಟ್ಟುಹೋಯ್ತು. ಅವತ್ತು ಲ್ಯಾಬಿನಲ್ಲಿ ಯಾರದೋ ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿಬಿಟ್ಟೆ.

ಈಗ ಅರ್ಥ ಆಯ್ತು. ಅವಳು ಯಾಕೆ ಒರಗಲ್ಲ? ಗುಹೆಯ ತುಂಬ ದೆವ್ವಗಳು. ಯಾವ ಗಳಿಗೆಯಲ್ಲಾದ್ರೂ ಎದ್ದು ಓಡಬೇಕು, ಇಲ್ಲಾ ಹೊಡೀಬೇಕು. ಹಾಗಾಗಿ ಬೆನ್ನಿಗೆ, ಸೊಂಟಪಟ್ಟಿಯಲ್ಲಿ ಒಂದು ಚೂರಿ ಸಿಕ್ಕಿಸಿದ್ದೀನಿ. ಹೆಗಲ ಮೇಲಿನ ಎರಡು ಚುಕ್ಕಿ ಕೈತಪ್ಪು ಅಂತ ನೀವು ಹೇಳಿದ್ದನ್ನ ಮಾತ್ರ ನಾನು ನಂಬಲ್ಲ. ಅದು ಪತಂಗ. ದೀಪ ಇದ್ದ ಕಡೆ ಪತಂಗ ಬರಲೇಬೇಕಲ್ಲ. ರೆಕ್ಕೆ ಮಡಚಿ ಹೆಗಲ ಮೇಲೆ ಕೂತಿದೆ. ಮಾಡಿದ ಮೇಲೆ ನನಗೇ ಖುಷಿಯಾಯ್ತು. ಹದಿನೆಂಟಕ್ಕೆ ಕಂಪನಿಗೆ ಕಳಿಸ್ತೀನಿ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಅಷ್ಟರೊಳಗೆ ಒಂದು ಸಾಲು ಬರೀರಿ. ಬರೆಯದಿದ್ರೆ ಒಪ್ಪಿಗೆ ಅಂತ ತಿಳ್ಕೊಳ್ತೀನಿ.

ಜೊತೆಗೆ ಒಂದು ಪೆಟ್ಟಿಗೆ ಕಳಿಸ್ತಿದ್ದೀನಿ. ಎಲ್ಲಾ ಅಭಿಮಾನಿಗಳು ಮನೆಯಲ್ಲಿ ಕೂತು ಮಾಡಿದ್ದು. ಕಾಲುಚೀಲ ನನ್ನ ಗೆಳೆಯನ ಹೆಂಡತಿ ಹೆಣೆದಿದ್ದು, ಹೆಬ್ಬೆರಳ ಮೇಲೆ ದೀಪದವಳ ಮುಖ ಬರುತ್ತೆ. ಟೋಫು ಅಚ್ಚು ಸೆಂದಾಯಿಯವರದು, ಅದರಲ್ಲಿ ಮಾಡಿದ್ರೆ ಅವಳ ಮೂಗು ಮುರಿದೇ ಹೊರಗೆ ಬರೋದು. ಅಲಾರಾಂ ಗಡಿಯಾರ ನಗೋಯಾದವನೊಬ್ಬ ಮಾಡಿದ್ದು. ಬೆಳಿಗ್ಗೆ ಆರಕ್ಕೆ ‘ದೀಪ ಬೇಕಾ? ದೀಪ ಬೇಕಾ?’ ಅಂತ ಕೂಗುತ್ತೆ, ದನಿ ಅವನ ಸೋದರತ್ತೆಯದು. ತಲೆ ಮೇಲೆ ಹೊಡೆದ್ರೆ ಮಾತ್ರ ನಿಲ್ಲುತ್ತೆ. ನೀವು ಹದಿನಾರು ಚುಕ್ಕಿಯಲ್ಲಿ ಹುಟ್ಟಿಸಿದವಳು ಎಷ್ಟು ಮನೆಯಲ್ಲಿ ಓಡಾಡ್ತಿದ್ದಾಳೆ ನೋಡಿ ಅಂತ ಕಳಿಸಿದ್ದು.

ಸೆಗಾವಾ


ಹಮಸಾಕಾ
೨೦ ನವೆಂಬರ್

ಸೆಗಾವಾ ಅವರೇ,

ಆರನೇ ತಾರೀಕು ಏಡಿ ಹಂಗಾಮು ಶುರುವಾಯ್ತು. ಅದಕ್ಕೆ ಮುಂಚೆ ಬಲೆ, ಬುಟ್ಟಿ, ಚೀಟಿ ಅಂತ ಕೆಲಸ. ಇದು ನೆಪ. ಬರೆಯೋಕೆ ಮನಸ್ಸಿರಲಿಲ್ಲ.

ಹೋದ ಭಾನುವಾರ ಮಗಳು ಬಂದಿದ್ದಳು. ನಾಗಿ ಅಂತ, ಈಗ ಇಪ್ಪತ್ತು ತುಂಬಿತು. ಊರಾಚೆ ಬಿಸಿನೀರ ಬುಗ್ಗೆಯ ಹೋಟೆಲಿನಲ್ಲಿ ಕೆಲಸ, ಅಲ್ಲೇ ಕೋಣೆ. ಭಾನುವಾರ ತರಕಾರಿ ತಂದುಕೊಟ್ಟು ಹೋಗ್ತಾಳೆ. ನಿಮ್ಮ ಗಡಿಯಾರವನ್ನ ನಾನು ಕಪಾಟಿನೊಳಗೆ ಇಟ್ಟಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಅದಕ್ಕೇನು ಬಂತೋ, ಒಳಗಿಂದ ‘ದೀಪ ಬೇಕಾ’ ಅಂತ ಶುರು ಮಾಡಿತು. ನಾಗಿ ತೆಗೆದು ತಲೆಗೊಂದು ಕೊಟ್ಟು ನಿಲ್ಲಿಸಿದಳು. ಇದೇನು ಅಂದಳು. ಟೋಕಿಯೋದಲ್ಲಿ ಆಫೀಸಲ್ಲಿ ಬರೆದ ಚಿತ್ರ ಅಂದೆ. ‘ಓ, ಆಗ ಇದನ್ನಾ ಮಾಡ್ತಿದ್ದಿದ್ದು ನೀವು?’ ಅಂದಳು. ಅಷ್ಟೇ ಅಂದಿದ್ದು. ನನ್ನನ್ನ ‘ನೀವು’ ಅಂತಾಳೆ. ಅಜ್ಜಿಯನ್ನ ‘ನೀನು’ ಅಂತಿದ್ದಳು.

ನಿಮಗೆ ಹೇಳಿಬಿಡ್ತೀನಿ. ಯಾರಿಗಾದ್ರೂ ಹೇಳಬೇಕು, ನೀವು ದೂರದಲ್ಲಿದ್ದೀರಿ.

ಆಗ ನಮ್ಮ ಆಫೀಸಲ್ಲಿ ಹೆಂಗಸು ಹೆತ್ತರೆ ಕೆಲಸ ಬಿಡಬೇಕು. ಬರೆದ ನಿಯಮ ಅಲ್ಲ, ಹೂಗುಚ್ಛ ಕೊಟ್ಟು ಕಳಿಸಿಬಿಡೋರು. ಮಗುವಿನ ತಂದೆ ಆಗಲೇ ಕೈಬಿಟ್ಟಿದ್ದ. ನಾನು ದೊಗಳೆ ಅಂಗಿ ಹಾಕ್ಕೊಂಡು ಏಳು ತಿಂಗಳು ಮುಚ್ಚಿಟ್ಟೆ, ಆಮೇಲೆ ಕಿಡ್ನಿ ಕಾಯಿಲೆ ಅಂತ ಸುಳ್ಳು ಹೇಳಿ ರಜೆ ಹಾಕಿ ಇಲ್ಲಿಗೆ ಬಂದು ಹೆತ್ತೆ. ನಲವತ್ತು ದಿನಕ್ಕೆ ಮಗುವನ್ನ ಅಮ್ಮನ ಹತ್ತಿರ ಬಿಟ್ಟು ವಾಪಸ್ ಹೋದೆ. ಆಫೀಸಿನ ಬಚ್ಚಲಲ್ಲಿ ಹಾಲು ಹಿಂಡಿ ಚೆಲ್ತಿದ್ದೆ. ಆ ವಸಂತದಲ್ಲೇ ನಿರ್ದೇಶಕರು ‘ಗುಹೆಗೊಬ್ಬ ಅಂಗಡಿಯವನು ಬೇಕು, ಯಾರನ್ನಾದ್ರೂ ಬರಿ’ ಅಂದರು. ನಾನು ಇವಳನ್ನ ಬರೆದೆ.

ಬೆನ್ನಿಗೆ ಮಗು ಕಟ್ಟಿಕೊಂಡವಳು ಗೋಡೆಗೆ ಒರಗಲ್ಲ, ಸೆಗಾವಾ ಅವರೇ. ಆ ಎರಡು ಚುಕ್ಕಿ ಮಗುವಿನ ಮುಷ್ಟಿ. ಹಿಂದಿನಿಂದ ತಾಯಿಯ ಕೊರಳಪಟ್ಟಿ ಹಿಡ್ಕೊಂಡಿದೆ. ಯಾರಿಗೂ ಹೇಳಲಿಲ್ಲ. ನಾಗಿಗೆ ನಾಲ್ಕು ವರ್ಷ ಆದಾಗ ಕೆಲಸ ಬಿಟ್ಟು ಬಂದೆ, ಅಷ್ಟು ಹೊತ್ತಿಗೆ ಅವಳು ನನ್ನಮ್ಮನನ್ನೇ ಅಮ್ಮ ಅಂತಿದ್ದಳು. ನನ್ನ ಅಮ್ಮ ಹೋಗಿ ಮೂರು ವರ್ಷ ಆಯ್ತು.

ಗೊಂಬೆಯ ಮೇಲೆ ಮಗು ಮಾಡಿ ಅಂತ ನಾನು ಕೇಳ್ತಿಲ್ಲ. ಪತಂಗ ತೆಗೀರಿ. ಅದೊಂದು ಬೇಡ.

ಉರಾಬೆ


ಹಮಸಾಕಾ
೧೮ ಡಿಸೆಂಬರ್

ಸೆಗಾವಾ ಅವರೇ,

ನಾಲ್ಕು ವಾರ ಆಯ್ತು. ಮೊದಲು ಬೇಡ ಅಂದ್ರೂ ಬರೀತಿದ್ದಿರಿ, ಈಗ ಸುದ್ದಿಯೇ ಇಲ್ಲ.

ಹೆತ್ತ ಮಗುವನ್ನ ಬಿಟ್ಟು ಹೋದವಳು ಅಂತ ತೀರ್ಮಾನ ಮಾಡಿದ್ದೀರಿ. ಮಾಡಿ. ಈ ಊರಲ್ಲಿ ಎಲ್ಲರೂ ಮಾಡಿ ಮುಗಿಸಿದ್ದಾರೆ, ನಿಮ್ಮದೊಂದು ಕಡಿಮೆಯಾಗಿತ್ತು. ನಿಮ್ಮ ದೀಪದವಳು ಯಾವುದೋ ದೇವತೆ ಕೈಯಿಂದ ಹುಟ್ಟಿರಬೇಕಿತ್ತು ಅಲ್ಲವಾ. ಗಡಿಯಾರ, ಅಚ್ಚು, ಕಾಲುಚೀಲ ಎಲ್ಲಾ ಕಟ್ಟಿಟ್ಟಿದ್ದೀನಿ. ವಿಳಾಸ ಅದೇ ತಾನೆ?

ಉರಾಬೆ


ಶಿಜುವೊಕಾ
೨೩ ಡಿಸೆಂಬರ್

ಉರಾಬೆಯವರೇ,

ನಾನು ನಿಮ್ಮ ಬಗ್ಗೆ ಒಂದು ಕೆಟ್ಟ ಮಾತೂ ಯೋಚಿಸಿಲ್ಲ. ತಪ್ಪೆಲ್ಲ ನನ್ನದು. ಹೇಳೋಕೆ ಮುಖ ಇರಲಿಲ್ಲ.

ನಿಮ್ಮ ಕಾಗದ ಬಂದಾಗ ಕಂಪನಿಯ ಒಪ್ಪಿಗೆ ಪತ್ರ ಆಗಲೇ ನನ್ನ ಗೋಡೆ ಮೇಲಿತ್ತು. ನವೆಂಬರ್ ಹನ್ನೆರಡಕ್ಕೇ ಬಂದಿತ್ತು. ಚೂರಿ, ಪತಂಗ ಎಲ್ಲ ಸಮೇತ ಪಾಸು. ಇನ್ನು ಬದಲಾಯಿಸಿದ್ರೆ ಒಪ್ಪಿಗೆ ರದ್ದು, ಮೇಜು ಖಾಲಿ. ನಿಜ ಹೇಳ್ತೀನಿ, ನಿಮ್ಮ ಕಾಗದ ಓದಿದಾಗ ಮೊದಲು ಬಂದ ಯೋಚನೆ ನಿಮ್ಮ ಮಗುವಿನ ಬಗ್ಗೆ ಅಲ್ಲ, ನನ್ನ ಮೇಜಿನ ಬಗ್ಗೆ. ಐದು ವರ್ಷ ಕಾದವನು ಆ ಒಂದು ದಿನ ಕೈತಪ್ಪುತ್ತಲ್ಲಾ ಅಂತ ಹೊಟ್ಟೆ ಉರೀತು. ಆಮೇಲೆ ನಾಚಿಕೆಯಾಯ್ತು. ನಾಚಿಕೆಯಾದ ಮೇಲೂ ಬರೆಯಲಿಲ್ಲ.

ಇನ್ನೂ ಇದೆ. ಈ ತಿಂಗಳು ಐದಕ್ಕೆ ಕಂಪನಿಯಿಂದ ಇನ್ನೊಂದು ಪತ್ರ ಬಂತು. ಪತಂಗ ಅವರಿಗೆ ತುಂಬಾ ಹಿಡಿಸಿದೆಯಂತೆ. ಏಪ್ರಿಲ್‌ಗೆ ‘ಏಳು ಗುಹೆ’ ಮೊಬೈಲ್ ಫೋನಿಗೆ ಬರ್ತಿದೆ, ಅದರಲ್ಲಿ ಆ ಎರಡು ಚುಕ್ಕಿಯ ಜಾಗದಲ್ಲಿ ಸರಿಯಾಗಿ ಪತಂಗವನ್ನೇ ಬರೀತಾರಂತೆ. ಕೀಲಿಗೊಂಚಲು, ಟವೆಲ್ಲು, ನಾಣ್ಯ ಹಾಕಿ ತಿರುಗಿಸೋ ಯಂತ್ರದ ಗೊಂಬೆ, ಎಲ್ಲದರ ಮೇಲೂ ಪತಂಗ. ಇನ್ನು ಮೇಲೆ ಅದೇ ಅಧಿಕೃತ, ನಿಮ್ಮ ಕಲ್ಪನೆಗೆ ಧನ್ಯವಾದ ಅಂತ ಬರೆದಿದ್ದಾರೆ. ಬೇರೆ ಸಮಯದಲ್ಲಾಗಿದ್ರೆ ಆ ಪತ್ರಕ್ಕೆ ಚೌಕಟ್ಟು ಹಾಕಿಸ್ತಿದ್ದೆ. ಈಗ ಕಪಾಟಿನಲ್ಲಿ ಬೋರಲು ಹಾಕಿಟ್ಟಿದ್ದೀನಿ. ನಿಮ್ಮ ಮಗುವಿನ ಕೈಯನ್ನ ಒರೆಸಿ ಹಾಕೋಕೆ ನಾನೇ ಹುಳ ಮಾಡಿಕೊಟ್ಟಿದ್ದೀನಿ.

ನಾನು ‘ಬೇಡ’ ಅಂತ ಬರೆದೆ. ಕಾರಣ ಕೊಡಿ ಅಂದರು. ಕಾರಣ ನನ್ನದಲ್ಲವಲ್ಲ, ಹೇಗೆ ಕೊಡಲಿ? ನೀವು ಬರೆದರೆ ಮಾತ್ರ ನಿಲ್ಲುತ್ತೆ. ಬರೆದರೆ ಎಲ್ಲ ಹೊರಗೆ ಬರುತ್ತೆ ಅಂತಾನೂ ಗೊತ್ತು. ಬರೀರಿ ಅಂತ ಹೇಳೋ ಅಧಿಕಾರ ನನಗಿಲ್ಲ. ಜನವರಿ ಹತ್ತಕ್ಕೆ ಚಿತ್ರಗಳನ್ನ ಅಂತಿಮ ಮಾಡ್ತಾರಂತೆ. ನನ್ನ ಮೇಜಿನ ಚಿಂತೆ ಬಿಡಿ, ಜನ ಹಲ್ಲು ಉದುರಿಸಿಕೊಳ್ತಾ ಇರೋವರೆಗೆ ನನಗೆ ಕೆಲಸ ಇದ್ದೇ ಇದೆ.

ಪೆಟ್ಟಿಗೆ ವಾಪಸ್ ಕಳಿಸಬೇಡಿ, ದಮ್ಮಯ್ಯ.

ಸೆಗಾವಾ


ಹಮಸಾಕಾ
೪ ಜನವರಿ ೨೦೦೬

ಸೆಗಾವಾ ಅವರೇ,

ಹೊಸ ವರ್ಷದ ದಿನ ನಾಗಿ ಬಂದಿದ್ದಳು. ಕಂಪನಿಗೆ ಬರೆಯೋಕೆ ಮುಂಚೆ ಅವಳಿಗೆ ಹೇಳಬೇಕು ಅಂತ ನಿಶ್ಚಯ ಮಾಡಿದ್ದೆ. ಬೇರೆಯವರ ಬಾಯಿಂದ ಕೇಳಿಸ್ಕೊಳ್ಳೋದು ಬೇಡ.

ಹಬ್ಬದ ಸಾರು ಒಲೆ ಮೇಲಿತ್ತು, ಅದಕ್ಕೆ ಅಕ್ಕಿ ಉಂಡೆ ಇನ್ನೂ ಹಾಕಿರಲಿಲ್ಲ. ಗಡಿಯಾರ ತಂದು ಮುಂದೆ ಇಟ್ಟೆ. ಈ ಹೆಂಗಸಿನ ಬೆನ್ನ ಮೇಲೆ ಒಂದು ಮಗು ಇದೆ, ಕಾಣಲ್ಲ, ಅದು ನೀನು ಅಂದೆ. ಬಚ್ಚಲಲ್ಲಿ ಹಾಲು ಚೆಲ್ಲಿದ್ದೂ, ನಿಮ್ಮ ಗೊಂಬೆ, ಟೋಕಿಯೋ ಮೇಳದ ವಿಷಯವೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕಿತ್ತಳೆ ಸಿಪ್ಪೆ ಸುಲೀತಾ ಇದ್ದಳು, ನಿಲ್ಲಿಸಲಿಲ್ಲ.

‘ಅದು ಚಿತ್ರ’ ಅಂದಳು. ‘ನಾನಿದ್ದಿದ್ದು ಅಜ್ಜಿ ಬೆನ್ನ ಮೇಲೆ.’

ಹೌದು ಅಂದೆ.

‘ಅಜ್ಜಿಗೆ ಆಗ ಅರವತ್ತೊಂದು. ಸೊಂಟನೋವು. ನನ್ನ ಕಟ್ಕೊಂಡೇ ಸ್ಕ್ವಿಡ್ ಮೀನು ಒಣಗಿಸೋಕೆ ಹೋಗ್ತಿದ್ಳು. ನೀವು ಯಾರ ಬೆನ್ನ ಮೇಲೆ ಯಾರನ್ನ ಬೇಕಾದ್ರೂ ಬರ್ಕೊಳ್ಳಿ.’

ಕೋಟು ಹಾಕ್ಕೊಂಡು ಹೊರಟಳು. ಸಾರು ಇಬ್ಬರಿಗಾಗೋ ಅಷ್ಟು ಇತ್ತು, ಚೆಲ್ಲಿದೆ.

ಅವಳು ಹೇಳಿದ್ದು ಸರಿ. ಮೂರು ದಿನ ಅದನ್ನೇ ಯೋಚನೆ ಮಾಡಿದೆ. ಕೂತರೆ ಕೂರೋಕಾಗಲ್ಲ, ಬಂದರಿಗೆ ಹೋದ್ರೆ ಹೊಸ ವರ್ಷದ ರಜೆ, ಅಲ್ಲಿ ಯಾರೂ ಇಲ್ಲ. ಅವಳನ್ನ ನಾನು ಹೊರಲಿಲ್ಲ, ಸರಿ. ಹೊರಬೇಕು ಅಂತ ಆಸೆಪಟ್ಟದ್ದೂ ಸುಳ್ಳಾಗಬೇಕಾ? ಅದರ ಮೇಲೆ ಹುಳ ಕೂರಬೇಕಾ?

ಇವತ್ತು ಕಂಪನಿಗೆ ಬರೆದು ಹಾಕಿದೆ. ಕಿಡ್ನಿ ಸುಳ್ಳನ್ನೂ ಬರೆದೆ. ನನ್ನ ಹತ್ತಿರ ಹಳೇ ಕಾಗದ ಒಂದೂ ಇಲ್ಲ, ಆದ್ರೆ ಒಂದು ಸಾಕ್ಷಿ ಇದೆ. ಆಗೆಲ್ಲ ಜಾಗ ಉಳಿಸೋಕೆ ಅರ್ಧ ಚಿತ್ರ ಮಾತ್ರ ಇಡ್ತಿದ್ದೆವು, ಉಳಿದರ್ಧ ಯಂತ್ರವೇ ಕನ್ನಡಿ ಹಿಡಿದ ಹಾಗೆ ತಿರುಗಿಸಿ ತೋರಿಸ್ತಿತ್ತು. ದೀಪದವಳೂ ಹಾಗೇ ಇದ್ದಳು. ಒಂದೇ ಹೆಗಲ ಮೇಲೆ ಮುಷ್ಟಿ ಇಡಬೇಕಾದ್ರೆ ಎರಡೂ ಅರ್ಧ ಬೇರೆ ಬೇರೆ ಇಡಬೇಕು. ಜಾಗ ಎಲ್ಲಿಂದ ತರೋದು? ನಾಲ್ಕನೇ ಗುಹೆಯ ಜಲಪಾತದ ಕೆಳಗೆ ನಾನು ಬರೆದಿದ್ದ ನೀರಿನ ಹನಿಗಳನ್ನ ಅಳಿಸಿದೆ. ಅಷ್ಟೇ ಅಳತೆಯ ಜಾಗ ಸಿಕ್ಕಿತು. ಇವತ್ತಿಗೂ ಆ ಜಲಪಾತ ಹನಿ ಹಾರಿಸದೆ ಬೀಳುತ್ತೆ. ಹನಿಯ ಜಾಗದಲ್ಲಿ ಮುಷ್ಟಿ ಕೂತಿದೆಯೋ ಇಲ್ಲವೋ ತೆರೆದು ನೋಡಿ, ಕೈತಪ್ಪಿ ಯಾರೂ ಹೀಗೆ ಮಾಡಲ್ಲ ಅಂತ ಬರೆದಿದ್ದೀನಿ.

ಡಿಸೆಂಬರಿನ ಕಾಗದದ ಮಾತುಗಳನ್ನ ಮರೀರಿ. ಕಾಲು ಮುರಿದ ಏಡಿ ಎರಡು ಕಳಿಸ್ತಿದ್ದೀನಿ. ಕಾಲು ಮುರಿದದ್ದಕ್ಕೆ ಚೀಟಿ ಕಟ್ಟಲ್ಲ, ನಾವೇ ತಿನ್ನೋದು. ರುಚಿ ಅದೇ.

ಉರಾಬೆ


ಹಮಸಾಕಾ
೨೯ ಜನವರಿ

ಸೆಗಾವಾ ಅವರೇ,

ಕಂಪನಿಯಿಂದ ಉತ್ತರ ಬಂತು, ನಿಮಗೂ ಬಂದಿರಬೇಕು. ತಾಚಿ ಅನ್ನೋ ಹೆಂಗಸು ಬರೆದಿದ್ದಾಳೆ. ಹಳೇ ಗೇಮನ್ನ ಬಿಚ್ಚಿ ನೋಡಿಸಿದಳಂತೆ. ಜಲಪಾತದ ಕೆಳಗಿನ ತುಂಡು ಇರಬೇಕಾದ ಕಡೆ ದೀಪದವಳ ಎಡಭಾಗ ಇದೆಯಂತೆ. ಪತಂಗ ಎಲ್ಲ ಕಡೆಯಿಂದ ತೆಗೀತಾರೆ. ಎರಡು ಚುಕ್ಕಿ ಇದ್ದ ಹಾಗೇ ಇರುತ್ತೆ. ಬೆನ್ನ ಮೇಲೆ ಮಗು ಇದೆ ಅಂತ ಅವರ ದಾಖಲೆಯಲ್ಲಿ ಬರ್ಕೊಂಡಿದ್ದಾರೆ. ಕೊನೆಯಲ್ಲಿ ತಾಚಿ ‘ನನಗೆ ಎರಡು ಮಕ್ಕಳು, ಆಫೀಸಿನಲ್ಲೇ ಇದ್ದೀನಿ’ ಅಂತ ಒಂದು ಸಾಲು ಕೈಯಲ್ಲಿ ಬರೆದಿದ್ದಾಳೆ. ಅದನ್ನ ಓದಿ ಅತ್ತೆ.

ಆದ್ರೆ ಫೆಬ್ರವರಿ ಮೇಳಕ್ಕೆ ಹೊಸ ಮಾದರಿ ನೋಡೋಕೆ ಸಮಯ ಇಲ್ಲವಂತೆ. ಒಪ್ಪಿರೋ ಪತಂಗದ ಮೂವತ್ತು ಗೊಂಬೆ ಮಾರಬಹುದು, ಇಲ್ಲದಿದ್ರೆ ಏನೂ ಇಲ್ಲ. ನೀವು ಅದನ್ನೇ ಮಾರಿ. ಐದು ವರ್ಷ ಕಾದಿದ್ದೀರಿ. ಮೂವತ್ತು ಗೊಂಬೆಯಿಂದ ನನಗೇನೂ ಆಗಲ್ಲ, ನಾನೇನೂ ಅಂದ್ಕೊಳ್ಳಲ್ಲ.

ನಾಗಿ ನಾಲ್ಕು ಭಾನುವಾರ ಬಂದಿಲ್ಲ. ತರಕಾರಿ ಹೋಟೆಲಿನ ವ್ಯಾನಿನವನ ಕೈಲಿ ಕಳಿಸ್ತಾಳೆ.

ಉರಾಬೆ


ಶಿಜುವೊಕಾ
೨೦ ಫೆಬ್ರವರಿ

ಉರಾಬೆಯವರೇ,

ನಿನ್ನೆ ಮೇಳ ಮುಗೀತು. ನಾನು ಮಾರಲಿಲ್ಲ. ಪತಂಗದ ಮೂವತ್ತೂ ಕಳೆದ ವಾರವೇ ಒಡೆದು ಚೀಲಕ್ಕೆ ತುಂಬಿದ್ದೆ. ದೊಡ್ಡ ತ್ಯಾಗ ಅಂತೇನೂ ಅಂದ್ಕೋಬೇಡಿ, ಒಡೆಯೋವಾಗ ಕಣ್ಣಲ್ಲಿ ನೀರು ಬಂತು, ಅರ್ಧಕ್ಕೆ ನಿಲ್ಲಿಸಿ ಎರಡು ಸಲ ಬೀದಿ ಸುತ್ತಿ ಬಂದೆ.

ಮೇಜಿಗೆ ಹಣ ಕಟ್ಟಾಗಿತ್ತು, ಹೋಗಿ ಕೂತೆ. ಮುಂದೆ ಬಟ್ಟೆ, ಬಟ್ಟೆ ಮೇಲೆ ಏನೂ ಇಲ್ಲ. ‘ದೀಪದವಳು ಈ ಸಲ ಬರಲಿಲ್ಲ’ ಅಂತ ಒಂದು ರಟ್ಟು. ಹತ್ತು ಗಂಟೆಗೆ ಬಾಗಿಲು ತೆರೆದಾಗ ಓಡಿಬಂದವರು ಹನ್ನೊಂದು ಜನ. ಒಬ್ಬ ಆಕಿತಾದಿಂದ ಬಂದಿದ್ದ. ‘ಹಾಗಾದ್ರೆ ಆ ಚುಕ್ಕಿ ಏನು ಅಂತಾದ್ರೂ ಹೇಳಿ’ ಅಂದ. ‘ಬರೆದವರು ಹೇಳಿದ್ರೆ ಮಾತ್ರ’ ಅಂದೆ. ‘ಗಡ್ಡದವರಾ?’ ಅಂದ. ‘ಹೆಂಗಸು’ ಅಂದೆ. ಇಷ್ಟು ಹೇಳಿದ್ದಕ್ಕೆ ಕ್ಷಮಿಸಿ.

ಮಧ್ಯಾಹ್ನ ಒಬ್ಬಳು ಹುಡುಗಿ ಬಂದು ಖಾಲಿ ಮೇಜಿನ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಅವಳ ವಿಷಯ ಹೆಚ್ಚು ಬರೆಯಲ್ಲ.

ನಿಮಗೋಸ್ಕರ ಒಂದೇ ಒಂದು ಮಾಡಿದ್ದೀನಿ, ಮಗು ಸಮೇತ; ನಿನ್ನೆ ಮೇಜಿನ ಕೆಳಗೆ ಚೀಲದಲ್ಲೇ ಇತ್ತು. ಮಾರೋದಲ್ಲ, ಹಾಗಾಗಿ ಯಾರ ಒಪ್ಪಿಗೆಯೂ ಬೇಡ. ನಮ್ಮ ಪದ್ಧತಿಯ ಪ್ರಕಾರ ಬಿಡಿಭಾಗಗಳಾಗೇ ಕಳಿಸ್ತಿದ್ದೀನಿ, ಜೋಡಿಸೋದು ಪಡೆದವರ ಕೆಲಸ. ಹಲ್ಲಿನ ರಾಳದಲ್ಲಿ ಎರೆದದ್ದು, ನಲವತ್ತು ವರ್ಷ ಹಪ್ಪಳ ಕಡಿದರೂ ಸವೆಯಲ್ಲ.

ಸೆಗಾವಾ


ಹಮಸಾಕಾ
೨೬ ಫೆಬ್ರವರಿ

ಸೆಗಾವಾ ಅವರೇ,

ಡಬ್ಬಿ ಬಂತು. ಚೀಟಿಯಲ್ಲಿ ಎಂಟು ಭಾಗ ಅಂತ ಬರೆದಿದ್ದೀರಿ. ಏಳಿವೆ. ಮಗು ಇಲ್ಲ.

ಒಳಗಿನ ಕಾಗದ ಒಂದೊಂದೇ ಬಿಡಿಸಿದೆ. ಡಬ್ಬಿ ಬೋರಲು ಹಾಕಿದೆ. ಬಾಗಿಲಿಂದ ಮೇಜಿನವರೆಗೆ ಮಂಡಿಯೂರಿ ಹುಡುಕಿದೆ, ಚಾಪೆ ಎತ್ತಿದೆ. ಅಂಚೆಯವನನ್ನ ಬಂದರಿನಲ್ಲಿ ಹಿಡಿದು ಡಬ್ಬಿ ಎಲ್ಲಾದರೂ ಒಡೆದಿತ್ತಾ ಅಂತ ಕೇಳಿದೆ. ಅವನು ನನ್ನನ್ನ ಹುಚ್ಚಿ ಅಂದ್ಕೊಂಡ.

ಮುಖ ಚೆನ್ನಾಗಿದೆ. ಕಣ್ಣು ನಾನು ಬರೆದದ್ದಕ್ಕಿಂತ ಚೆನ್ನಾಗಿದೆ. ತಿರುಗಿಸಿದ್ರೆ ಬೆನ್ನಲ್ಲಿ ಒಂದು ಗುಳಿ, ಅದರಲ್ಲಿ ಎರಡು ತೂತು. ಹತ್ತೊಂಬತ್ತು ವರ್ಷ ನನಗೆ ಮಾತ್ರ ಗೊತ್ತಿದ್ದ ಬೆನ್ನು ಅದು, ಆಗ ಅಲ್ಲಿ ಮಗು ಇತ್ತು. ಈಗ ಎಲ್ಲರಿಗೂ ಹೇಳಿಕೊಂಡ ಮೇಲೆ ಖಾಲಿ ತೂತು ನೋಡ್ತಾ ಕೂತಿದ್ದೀನಿ.

ಮರೆತಿದ್ರೆ ಪರವಾಗಿಲ್ಲ. ಕಳಿಸಿ. ಬೇಗ ಕಳಿಸಿ.

ಉರಾಬೆ


ಶಿಜುವೊಕಾ
೧ ಮಾರ್ಚ್

ಉರಾಬೆಯವರೇ,

ಮರೆತಿಲ್ಲ. ಕಳೆದೂ ಹೋಗಿಲ್ಲ. ಆ ಭಾಗವನ್ನ ಒಬ್ಬರು ನನ್ನಿಂದ ಕೇಳಿ ತಗೊಂಡು ಹೋಗಿದ್ದಾರೆ. ಯಾರು ಅಂತ ನಿಮಗೆ ಹೇಳಬಾರದು ಅಂತ ಮಾತು ತಗೊಂಡಿದ್ದಾರೆ. ನಾನು ಅವರಿಗೆ ಇಲ್ಲ ಅನ್ನೋ ಹಾಗಿರಲಿಲ್ಲ.

ನನ್ನ ಹತ್ತಿರ ಅಚ್ಚು ಇದೆ, ಇನ್ನೊಂದು ಎರೆದು ನಾಳೆಯೇ ಕಳಿಸಬಹುದು. ಕಳಿಸಲ್ಲ. ಬೈಕೊಳ್ಳಿ, ಆದ್ರೆ ಸ್ವಲ್ಪ ಕಾಯಿರಿ.

ಸೆಗಾವಾ


ಹಮಸಾಕಾ
೫ ಮಾರ್ಚ್, ಭಾನುವಾರ

ಸೆಗಾವಾ ಅವರೇ,

ಕಳಿಸಬೇಡಿ. ಬಂತು.

ನಾಗಿ ಹನ್ನೊಂದಕ್ಕೆ ಬಂದಳು. ಮೂಲಂಗಿ, ಈರುಳ್ಳಿ ಸೊಪ್ಪು ಕೆಳಗಿಟ್ಟು, ಕೋಟು ಬಿಚ್ಚದೆ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಮೇಳದ ದಿನ ಟೋಕಿಯೋಗೆ, ನಿಮ್ಮ ಮೇಜಿನ ಹತ್ತಿರ ಹೋಗಿದ್ದೆ ಅಂದಳು. ಎರಡು ವಾರ ಇಟ್ಕೊಂಡಿದ್ದಳಂತೆ. ಒಂದು ದಿನ ಸಮುದ್ರಕ್ಕೆ ಎಸೆಯೋಕೆ ಅಂತ ಬಂದರಿನ ಕಟ್ಟೆಯ ತುದಿವರೆಗೂ ಹೋಗಿದ್ದೆ ಅಂದಳು.

‘ನಾನು ಕೊರಳಪಟ್ಟಿ ಹಿಡೀತಿರಲಿಲ್ಲವಂತೆ. ಕೂದಲು ಹಿಡಿದು ಎಳೀತಿದ್ದೆ ಅಂತಿದ್ದಳು ಅಜ್ಜಿ’ ಅಂದಳು. ನನಗೆ ಅದು ಗೊತ್ತಿರಲಿಲ್ಲ ಅಂದೆ. ‘ಗೊತ್ತಿರಲ್ಲ’ ಅಂದಳು. ಆಮೇಲೆ ಅವಳೇ ಮಗುವನ್ನ ಬೆನ್ನಿನ ಗುಳಿಗೆ ಹಿಡಿದು ನೋಡಿದಳು. ಸರಿಯಾಗಿ ಕೂರುತ್ತೆ, ಆದ್ರೆ ಕೈ ಬಿಟ್ಟರೆ ಬೀಳುತ್ತೆ. ಮನೆಯಲ್ಲಿರೋ ಅಂಟು ಕಾಗದಕ್ಕೆ ಅಂಟಿಸೋದು, ಇದಕ್ಕೆ ಹಿಡಿಯಲಿಲ್ಲ. ಯಾವುದು ಹಾಕಬೇಕು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಂಟು ಸಿಗೋವರೆಗೆ ತನ್ನ ಹತ್ತಿರವೇ ಇರಲಿ ಅಂತ ಮತ್ತೆ ಕರವಸ್ತ್ರದಲ್ಲಿ ಸುತ್ತೋಕೆ ಹೋದಳು. ಬೇಡ, ನನ್ನ ಹತ್ತಿರ ಬಿಟ್ಟು ಹೋಗು ಅಂದೆ. ಕರವಸ್ತ್ರ ಮಾತ್ರ ಮಡಚಿ ಜೇಬಿಗೆ ಹಾಕ್ಕೊಂಡು, ಮಗುವನ್ನ ಬಿಟ್ಟು ಹೋದಳು.

ಯಾವ ಅಂಟು ಅಂತ ತಿಳಿಸಿ. ಮುಂದಿನ ಭಾನುವಾರ ಬರ್ತಾಳಂತೆ.

ಹಿಸಾನೊ